ಪರಿಯಾ (2011ರ ಅಮೆರಿಕನ್ ಚಲನಚಿತ್ರ)

ಪರಿಯಾ 2011ರಲ್ಲಿ ತೆರೆಕಂಡ ಅಮೆರಿಕದ ಚಲನಚಿತ್ರ. ಬರೆದು ನಿರ್ದೇಶಿಸಿದವರು ಡೀ ರೀಸ್. ಇದು ಅವರ ಮೊದಲ ಪೂರ್ಣಾವಧಿ ಕಥಾಚಿತ್ರ. ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಬೆಳೆಯುತ್ತಿರುವ 17 ವರ್ಷದ ಕಪ್ಪು ಹುಡುಗಿ ಅಲೀಕೆ ಇದರ ನಾಯಕಿ. ಅವಳು ಶಾಲೆಯಲ್ಲಿ ಜಾಣೆ, ಕವಿತೆ ಬರೆಯುತ್ತಾಳೆ. ತನ್ನ ಮನಸ್ಸು ಹುಡುಗಿಯರ ಕಡೆಗೆ ಎಂಬುದು ಅವಳಿಗೆ ಗೊತ್ತು, ಅದರ ಬಗ್ಗೆ ಅವಳಿಗೆ ಅನುಮಾನವೂ ಇಲ್ಲ. ಅದನ್ನು ಇಟ್ಟುಕೊಂಡು ಅಪ್ಪ, ಅಮ್ಮ, ತಂಗಿ ಇರುವ ಮನೆಯಲ್ಲಿ ಬದುಕುವುದು ಹೇಗೆ ಎಂಬುದೇ ಅವಳ ತೊಡಕು. 86 ನಿಮಿಷದ ಈ ಚಿತ್ರದ ಬಹುಪಾಲು ನಡೆಯುವುದು ಅಡುಗೆಮನೆ, ಊಟದ ಮೇಜು, ಮಲಗುವ ಕೋಣೆ, ಬಸ್ಸಿನ ಸೀಟುಗಳಲ್ಲಿ.

ಹದಿಹರೆಯದ ಸಲಿಂಗಪ್ರೇಮವನ್ನು ಹೇಳುವ ಹೆಚ್ಚಿನ ಚಿತ್ರಗಳಲ್ಲಿ ಗುಟ್ಟು ಹೊರಬೀಳುವ ಗಳಿಗೆಯೇ ಕಥೆಯ ಗಂಟು. ‘ಪರಿಯಾ’ದಲ್ಲಿ ಗುಟ್ಟು ಎನ್ನುವಂಥದ್ದು ಹೆಚ್ಚೇನೂ ಇಲ್ಲ. ತಾಯಿಗೆ ಗೊತ್ತು, ತಂದೆಗೆ ಗೊತ್ತು, ತಂಗಿಗಂತೂ ಚೆನ್ನಾಗಿಯೇ ಗೊತ್ತು. ಗೊತ್ತಿದ್ದೂ ಬಾಯಿಬಿಡದ ಮನೆಯೊಂದರ ಉಸಿರುಗಟ್ಟುವಿಕೆಯನ್ನು ರೀಸ್ ಹತ್ತಿರದಿಂದ ತೋರಿಸುತ್ತಾರೆ.

ಹೆಸರು

ಹೊರಗಿಡಲ್ಪಟ್ಟವರು, ಸಮಾಜದಿಂದ ದೂಡಲ್ಪಟ್ಟವರು ಎಂಬ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ ‘ಪರಿಯಾ’ ಎಂಬ ಪದ ಹೋದದ್ದು ದಕ್ಷಿಣ ಭಾರತದಿಂದ. ತಮಿಳುನಾಡಿನ ದಲಿತ ಸಮುದಾಯವಾದ ಪರೈಯರ್ ಹೆಸರೇ ಅದರ ಮೂಲ. ಆ ಹೆಸರಿನ ಹಿಂದಿರುವುದು ‘ಪರೈ’ ಎಂಬ ಚರ್ಮವಾದ್ಯ. ಹಳಗನ್ನಡದ ‘ಪರೆ’, ಪಕಾರ ಹಕಾರವಾದ ಮೇಲೆ ಬಂದ ‘ಹರೆ’ ಎರಡೂ ಇದೇ ವಾದ್ಯದ ಕುಲಕ್ಕೆ ಸೇರಿದ ಮಾತುಗಳು. 17ನೇ ಶತಮಾನದಲ್ಲಿ ಯುರೋಪಿನ ಪ್ರವಾಸಿಗಳು, ವರ್ತಕರು ಈ ಪದವನ್ನು ಎತ್ತಿಕೊಂಡು ಹೋದರು. ವಾದ್ಯದ ನೆನಪು ದಾರಿಯಲ್ಲೇ ಕಳಚಿತು, ಅಸ್ಪೃಶ್ಯತೆಯ ಅರ್ಥ ಮಾತ್ರ ಅಂಟಿಕೊಂಡು ಉಳಿಯಿತು. ಒಂದು ಸಮುದಾಯದ ಹೆಸರನ್ನು ಹೀಗೆ ನಿಂದೆಯ ಸಾಮಾನ್ಯ ಪದವಾಗಿ ಬಳಸುವುದಕ್ಕೆ ಭಾರತದಲ್ಲಿ ಆಕ್ಷೇಪವಿದೆ.

ಚಿತ್ರ ಭಾರತದ ಮಾತೆತ್ತುವುದಿಲ್ಲ. ಅದು ಪದವನ್ನು ಇಂಗ್ಲಿಷಿನ ರೂಢಿಯ ಅರ್ಥದಲ್ಲೇ ಬಳಸಿಕೊಂಡಿದೆ. ಆದರೆ ಕಥೆ ಮುಂದುವರಿದಂತೆ ಆ ಶೀರ್ಷಿಕೆ ಯಾರಿಗೆ ಹೊಂದುತ್ತದೆ ಎಂಬುದು ಬದಲಾಗುತ್ತ ಹೋಗುತ್ತದೆ. ಮನೆಯಿಂದ ಹೊರಹಾಕಿಸಿಕೊಂಡ ಗೆಳತಿ, ಮನೆಯೊಳಗಿದ್ದೇ ಪರಕೀಯಳಾದ ಮಗಳು, ಕೊನೆಕೊನೆಗೆ ಯಾರೂ ಜೊತೆಗಿಲ್ಲದೆ ಒಂಟಿಯಾದ ತಾಯಿ, ಈ ಮೂವರಿಗೂ ಅದು ಸಲ್ಲುತ್ತದೆ.

ನಿರ್ದೇಶಕಿ

ಡೀ ರೀಸ್ ಹುಟ್ಟಿದ್ದು 1977ರಲ್ಲಿ, ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ. ತಂದೆ ಪೊಲೀಸ್ ಅಧಿಕಾರಿ, ತಾಯಿ ವಿಜ್ಞಾನಿ. ಫ್ಲಾರಿಡಾದಲ್ಲಿ ಎಂಬಿಎ ಓದಿ ಕಂಪನಿಗಳ ಮಾರ್ಕೆಟಿಂಗ್ ವಿಭಾಗದಲ್ಲಿ ಕೆಲಸಕ್ಕಿದ್ದರು. ಪಾದದ ಆರೈಕೆಯ ಉತ್ಪನ್ನವೊಂದರ ಜಾಹೀರಾತು ಚಿತ್ರೀಕರಣಕ್ಕೆ ಹೋದಾಗ ಕ್ಯಾಮೆರಾ ಹಿಂದಿನ ಕೆಲಸದ ರುಚಿ ಹತ್ತಿತು. ನೌಕರಿ ಬಿಟ್ಟು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಿನಿಮಾ ವಿಭಾಗ ಸೇರಿದರು. ಅಲ್ಲಿ ಪಾಠ ಹೇಳುತ್ತಿದ್ದವರಲ್ಲಿ ಸ್ಪೈಕ್ ಲೀ ಒಬ್ಬರು.

ತಾನು ಸಲಿಂಗಿ ಎಂದು ರೀಸ್ ಮನೆಯವರಿಗೆ ಹೇಳಿದ್ದು 27ನೇ ವಯಸ್ಸಿನಲ್ಲಿ. ಸುದ್ದಿ ಕೇಳಿದ ಹೆತ್ತವರು ಮಗಳಿಗೆ ಬುದ್ಧಿ ಹೇಳಲು ನ್ಯೂಯಾರ್ಕಿಗೇ ಬಂದಿಳಿದರು. ಸ್ವಂತ ದುಡಿಮೆ, ಸ್ವಂತ ಬಾಡಿಗೆಮನೆ ಇದ್ದ ತನಗೇ ಆ ದಿನಗಳು ಇಷ್ಟು ಕಷ್ಟವಾದರೆ, ಹೆತ್ತವರ ಸೂರಿನಡಿಯೇ ಇರುವ ಹುಡುಗಿಯ ಪಾಡೇನು ಎಂಬ ಯೋಚನೆಯಿಂದ ಅಲೀಕೆ ಹುಟ್ಟಿದಳು. ಆದ್ದರಿಂದ ಇದನ್ನು ಅರೆ ಆತ್ಮಕಥನ ಎನ್ನುವುದು ರೂಢಿ. ತಂದೆಯ ಪೊಲೀಸ್ ಕೆಲಸ ಹಾಗೆಯೇ ಚಿತ್ರಕ್ಕೆ ಬಂದಿದೆ; ಊರು, ವಯಸ್ಸು, ಸನ್ನಿವೇಶಗಳು ಬೇರೆ.

ಚಿತ್ರಕಥೆಯ ಮೊದಲ ಕರಡು ಸಿದ್ಧವಾದದ್ದು 2005ರ ಬೇಸಿಗೆಯಲ್ಲಿ. ಆಗ ರೀಸ್ ಸ್ಪೈಕ್ ಲೀ ಅವರ ‘ಇನ್‌ಸೈಡ್ ಮ್ಯಾನ್’ ಚಿತ್ರದಲ್ಲಿ ಇಂಟರ್ನ್ ಆಗಿದ್ದರು. ಉದ್ದನೆಯ ಆ ಕಥೆಯ ಮೊದಲ ಭಾಗವನ್ನು ಕತ್ತರಿಸಿ, ಪದವಿಗಾಗಿ ಸಲ್ಲಿಸಬೇಕಿದ್ದ ಕಿರುಚಿತ್ರವನ್ನಾಗಿ ಮಾಡಿದರು. 2007ರ ಆ ‘ಪರಿಯಾ’ ಅರ್ಧ ಗಂಟೆಗೂ ತುಸು ಕಡಿಮೆ ಅವಧಿಯದು. ಚಿತ್ರೋತ್ಸವಗಳಲ್ಲಿ ಸುತ್ತಾಡಿ ಬಹುಮಾನಗಳನ್ನು ಗೆದ್ದ ಅದು, ಪೂರ್ಣಾವಧಿ ಚಿತ್ರಕ್ಕೆ ಹಣ ಹೂಡುವವರ ಮುಂದೆ ಇಡಲು ಒಂದು ಮಾದರಿಯೂ ಆಯಿತು. ಸನ್‌ಡಾನ್ಸ್ ಸಂಸ್ಥೆಯ ಚಿತ್ರಕಥೆ ಮತ್ತು ನಿರ್ದೇಶನ ಶಿಬಿರಗಳಲ್ಲಿ ಕಥೆ ಇನ್ನಷ್ಟು ಹದಗೊಂಡಿತು.

ಕಥೆ

ಚಿತ್ರ ತೆರೆದುಕೊಳ್ಳುವುದು ಹೆಂಗಸರಿಗಾಗಿಯೇ ಇರುವ ಒಂದು ರಾತ್ರಿ ಕ್ಲಬ್ಬಿನಲ್ಲಿ. ಕಿವಿಗಡಚಿಕ್ಕುವ ಹಾಡು, ಬಣ್ಣಬಣ್ಣದ ಬೆಳಕು. ಗೆಳತಿ ಲಾರಾ ಅಲ್ಲಿ ಮೀನು ನೀರಿನಲ್ಲಿದ್ದಷ್ಟು ಸರಾಗ. ಅಲೀಕೆಗೆ ಅರ್ಧ ಬೆರಗು, ಅರ್ಧ ಮುಜುಗರ. ಆಮೇಲೆ ಮನೆಗೆ ಹೋಗುವ ಬಸ್ಸು. ಒಬ್ಬಳೇ ಉಳಿದ ಅಲೀಕೆ ತಲೆಯ ಮೇಲಿನ ಟೋಪಿ ತೆಗೆಯುತ್ತಾಳೆ, ದೊಗಲೆ ಅಂಗಿ ಕಳಚುತ್ತಾಳೆ, ಕಿವಿಗೆ ಓಲೆ ಸಿಕ್ಕಿಸಿಕೊಳ್ಳುತ್ತಾಳೆ. ಸ್ಟಾಪು ಬರುವಷ್ಟರಲ್ಲಿ ಅಮ್ಮ ಒಪ್ಪುವ ಮಗಳು ಸಿದ್ಧ. ಒಂದು ಮಾತೂ ಇಲ್ಲದ ಈ ದೃಶ್ಯ ಅವಳ ದಿನಚರಿಯನ್ನೆಲ್ಲ ಹೇಳಿಬಿಡುತ್ತದೆ. ಬೆಳಿಗ್ಗೆ ಶಾಲೆಯ ಶೌಚಾಲಯದಲ್ಲಿ ಇದೇ ಬದಲಾವಣೆ ತಿರುಗುಮುರುಗಾಗಿ ನಡೆಯುತ್ತದೆ.

ಲಾರಾಳ ಲೋಕವೂ ಅಲೀಕೆಗೆ ಪೂರ್ತಿ ಒಗ್ಗಿದ್ದಲ್ಲ. ನ್ಯೂಯಾರ್ಕಿನ ಕಪ್ಪು ಸಲಿಂಗಿ ಯುವತಿಯರ ನಡುವೆ ‘ಎ.ಜಿ.’ ಎಂದು ಕರೆಸಿಕೊಳ್ಳುವವರಿದ್ದಾರೆ. ಗಂಡುಡುಗೆ, ಗಟ್ಟಿ ನಡಿಗೆ, ಮುಂದೆ ನಿಂತು ಮಾತಾಡುವ ಧೈರ್ಯ ಅವರ ಗುರುತು. ಲಾರಾ ಆ ಬಗೆಯವಳು. ಅವಳು ಹೇಳಿಕೊಟ್ಟಂತೆ ನಡೆಯಲು ಅಲೀಕೆ ಹೆಣಗುತ್ತಾಳೆ, ಆದರೆ ಆ ವೇಷವೂ ಅವಳ ಮೈಗೆ ಸರಿಯಾಗಿ ಕೂರುವುದಿಲ್ಲ. ಮನೆಯಲ್ಲಿ ಅಮ್ಮ ತಂದ ನಸುಗೆಂಪು ಅಂಗಿ, ಹೊರಗೆ ಗೆಳತಿಯ ಅಚ್ಚಿನ ಗಂಡುಡುಗೆ. ಎರಡೂ ಬೇರೆಯವರು ಅಳೆದು ಕೊಟ್ಟ ಬಟ್ಟೆಗಳೇ.

ಲಾರಾಳ ಸಹವಾಸ ತಪ್ಪಿಸಬೇಕೆಂದು ತಾಯಿ ಆಡ್ರಿ ಒಂದು ಉಪಾಯ ಹೂಡುತ್ತಾಳೆ. ತನ್ನ ಸಹೋದ್ಯೋಗಿಯ ಮಗಳು ಬೀನಾಳನ್ನು ಅಲೀಕೆಗೆ ಗಂಟುಹಾಕಿ, ಇಬ್ಬರೂ ಜೊತೆಯಾಗಿ ಶಾಲೆಗೆ ನಡೆದುಹೋಗಲಿ ಎಂದು ಕಟ್ಟಪ್ಪಣೆ ಮಾಡುತ್ತಾಳೆ. ಮೊದಮೊದಲು ಮುಖ ಕೊಟ್ಟು ಮಾತಾಡದ ಹುಡುಗಿಯರು ಹಾಡುಗಳ ಹುಚ್ಚಿನಿಂದ ಹತ್ತಿರವಾಗುತ್ತಾರೆ. ಅಮ್ಮನ ಉಪಾಯ ಅಮ್ಮನಿಗೇ ತಿರುಗುಬಾಣವಾಗುತ್ತದೆ: ಅಲೀಕೆಯ ಮೊದಲ ಪ್ರೀತಿ ಬೀನಾಳ ಮೇಲೆಯೇ ಹುಟ್ಟುತ್ತದೆ. ಆದರೆ ಇಬ್ಬರೂ ಜೊತೆಗೆ ಕಳೆದ ರಾತ್ರಿಯ ಮರುದಿನ ಬೆಳಿಗ್ಗೆ ಬೀನಾ, ತನಗೆ ಇದೊಂದು ಆಟವಷ್ಟೇ, ಯಾರಿಗೂ ಹೇಳಬೇಡ ಎಂದು ಹಗುರವಾಗಿ ಮುಗಿಸಿಬಿಡುತ್ತಾಳೆ. ಅಲೀಕೆ ನುಚ್ಚುನೂರಾಗುವುದು ಈ ಮಾತಿನಿಂದ.

ಅದೇ ಹೊತ್ತಿಗೆ ಮನೆಯಲ್ಲಿ ಗಂಡ ಹೆಂಡಿರ ಜಗಳ ಮಿತಿ ಮೀರುತ್ತದೆ. ಮಗಳ ವಿಷಯವನ್ನು ಆಡ್ರಿ ಬಾಯಿಬಿಟ್ಟು ಎತ್ತುತ್ತಾಳೆ. ಅದು ಸುಳ್ಳೆಂದು ನಿನ್ನಮ್ಮನಿಗೆ ಹೇಳಿಬಿಡು ಎಂದು ತಂದೆ ಆರ್ಥರ್ ಕೇಳುತ್ತಾನೆ. ಅಲೀಕೆ ಸುಳ್ಳಲ್ಲ ಎನ್ನುತ್ತಾಳೆ. ತಾಯಿ ಮೈಮೇಲೆ ಏರಿ ಹೊಡೆಯುತ್ತಾಳೆ, ತಂದೆ ಬಿಡಿಸುತ್ತಾನೆ. ಆ ರಾತ್ರಿಯಿಂದ ಅಲೀಕೆಯ ವಾಸ ಲಾರಾಳ ಮನೆಯಲ್ಲಿ.

ಕೊನೆಯಲ್ಲಿ ಅವಳಿಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಬರವಣಿಗೆಯ ಓದಿಗೆ, ನಿಗದಿತ ಅವಧಿಗಿಂತ ಮೊದಲೇ, ಅವಕಾಶ ಸಿಗುತ್ತದೆ. ಮನೆಗೆ ಬಾ ಎಂದು ಕರೆಯಲು ಬಂದ ಅಪ್ಪನಿಗೆ ಅವಳು ಮಹಡಿಯ ಮೇಲೆ ನಿಂತು ಹೇಳುವುದು, ತಾನು ಓಡಿಹೋಗುತ್ತಿಲ್ಲ, ಆರಿಸಿಕೊಳ್ಳುತ್ತಿದ್ದೇನೆ ಎಂದು. ದೇವರು ತಪ್ಪು ಮಾಡುವುದಿಲ್ಲ ಎಂಬ ಅಮ್ಮನ ಮಾತು ಸರಿಯೇ ಎಂದು ಅವಳಿಗೆ ತಿಳಿಸು ಎಂದೂ ಸೇರಿಸುತ್ತಾಳೆ. ಮಗಳನ್ನು ತಿದ್ದಲು ಆಡ್ರಿ ಹಿಡಿದ ಮಾತೇ ಮಗಳ ಕೈಯಲ್ಲಿ ಅವಳ ಪರವಾದ ಸಾಕ್ಷಿಯಾಗುತ್ತದೆ. ಮೊದಲ ದೃಶ್ಯದ ಬಸ್ಸಿಗೆ ಎದುರಾಗಿ ಕೊನೆಯಲ್ಲೂ ಒಂದು ಬಸ್ಸಿದೆ. ಈ ಸಲ ಅವಳು ಬಟ್ಟೆ ಬದಲಿಸುವುದಿಲ್ಲ. ತಾನು ಬರೆದ ಕವಿತೆ ಓದುತ್ತಾಳೆ.

ಮನೆಮಂದಿ

ಆಡ್ರಿಯನ್ನು ದುಷ್ಟೆಯಾಗಿ ಚಿತ್ರಿಸುವುದು ಸುಲಭವಿತ್ತು. ರೀಸ್ ಹಾಗೆ ಮಾಡಿಲ್ಲ. ಆಡ್ರಿ ಚರ್ಚಿಗೆ ತಪ್ಪದ, ಮನೆಯನ್ನು ಒಪ್ಪವಾಗಿಟ್ಟ, ಮಕ್ಕಳು ನಾಲ್ಕು ಜನರ ಮುಂದೆ ಚೆಂದ ಕಾಣಲಿ ಎಂದು ಬಯಸುವ ಹೆಂಗಸು. ಗಂಡ ರಾತ್ರಿ ತಡವಾಗಿ ಬರುತ್ತಾನೆ. ಅವನಿಗೆ ಬೇರೆ ಸಂಬಂಧವಿದೆ ಎಂಬ ಸುಳಿವುಗಳಿವೆ. ಕೆಲಸದ ಜಾಗದಲ್ಲೂ ಅವಳ ಪಕ್ಕ ಕೂತು ಊಟ ಮಾಡುವವರಿಲ್ಲ. ಒಂದು ದೃಶ್ಯದಲ್ಲಿ ಸಹೋದ್ಯೋಗಿಗಳು ನಗುತ್ತ ಗುಂಪಾಗಿದ್ದರೆ ಅವಳು ಬೇರೆ ಕೂತಿರುತ್ತಾಳೆ. ತನ್ನ ಬದುಕಿನಲ್ಲಿ ಒಂದೊಂದೇ ಎಳೆ ಕೈತಪ್ಪುತ್ತಿರುವಾಗ ಮಗಳ ಉಡುಗೆಯನ್ನಾದರೂ ಹಿಡಿತದಲ್ಲಿಟ್ಟುಕೊಳ್ಳಲು ಅವಳು ಪಡುವ ಪಾಡು ಪ್ರೇಕ್ಷಕರಿಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಅವಳು ಕೊಟ್ಟ ಏಟು ಸಣ್ಣದಾಗುವುದಿಲ್ಲ. ಕೊನೆಯಲ್ಲಿ ಮಗಳು ಬಂದು ಪ್ರೀತಿಯ ಮಾತಾಡಿದಾಗಲೂ, ನಿನಗಾಗಿ ಪ್ರಾರ್ಥಿಸುತ್ತೇನೆ ಎಂಬುದಷ್ಟೇ ಆಡ್ರಿಯ ಉತ್ತರ. ಅಪ್ಪುಗೆಯಿಲ್ಲ, ರಾಜಿಯಿಲ್ಲ. ದೂರದರ್ಶನದ ಹಾಸ್ಯ ಕಾರ್ಯಕ್ರಮ ‘ಇನ್ ಲಿವಿಂಗ್ ಕಲರ್’ ಮೂಲಕ ಹೆಸರಾಗಿದ್ದ ಕಿಮ್ ವೇಯನ್ಸ್ ಈ ಪಾತ್ರ ವಹಿಸಿದ್ದು ಹಲವರಿಗೆ ಅಚ್ಚರಿ ತಂದಿತು.

ಚಾರ್ಲ್ಸ್ ಪಾರ್ನೆಲ್ ನಟಿಸಿರುವ ಆರ್ಥರ್ ಪೊಲೀಸ್ ಪತ್ತೇದಾರ. ಊರಿನವರ ಗುಟ್ಟು ಕೆದಕುವುದೇ ಅವನ ಹೊಟ್ಟೆಪಾಡು. ಸ್ವಂತ ಮಗಳ ವಿಷಯದಲ್ಲಿ ಮಾತ್ರ ಕಂಡೂ ಕಾಣದಂತಿರುತ್ತಾನೆ. ಅಪ್ಪ ಮಗಳ ನಡುವೆ ಸಲುಗೆಯಿದೆ, ತಮಾಷೆಯಿದೆ. ಆದರೆ ಪ್ರಶ್ನೆ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಲ್ಲುತ್ತದೆ. ಉತ್ತರ ಬೇಡವಾದ್ದರಿಂದ ಅವನು ಕೇಳುವುದೇ ಇಲ್ಲ. ತಾಯಿಯ ಕೋಪ ಮಗಳನ್ನು ಮನೆಬಿಡಿಸಿತು ಎನ್ನುವುದಾದರೆ, ಅಪ್ಪನ ಈ ಜಾಣಕುರುಡಿಗೂ ಅದರಲ್ಲಿ ಪಾಲಿದೆ. ಆದರೂ ಮಹಡಿ ಹತ್ತಿ ಬಂದವನು ಅವನೇ, ಬೀಳ್ಕೊಡಲು ಬಂದವರಲ್ಲೂ ಅವನಿದ್ದಾನೆ.

ತಂಗಿ ಶರೋಂಡಾ ಚಾಡಿ ಹೇಳುವ, ಅಕ್ಕನನ್ನು ಕಾಡುವ, ಬಾಯಿಬಡುಕ ಹುಡುಗಿ. ಹೆತ್ತವರು ಗೋಡೆಯಾಚೆ ಕೂಗಾಡುತ್ತಿರುವ ರಾತ್ರಿ ಅವಳು ಅಕ್ಕನ ಹಾಸಿಗೆಗೆ ಬಂದು, ನೀನು ಹೇಗಿದ್ದರೂ ನನಗೇನೂ ಅಲ್ಲ ಎಂಬರ್ಥದ ಒಂದು ಮಾತು ಹೇಳಿ ಮಲಗುತ್ತಾಳೆ. ಇಡೀ ಮನೆಯಲ್ಲಿ ವಿಷಯವನ್ನು ನೇರವಾಗಿ, ಯಾವ ಷರತ್ತೂ ಹಾಕದೆ ಆಡಿದವಳು ಈ ಕಿರಿಯಳೊಬ್ಬಳೇ. ಸಾರಾ ಮೆಲೆಸ್ ಈ ಪಾತ್ರಧಾರಿ.

ಲಾರಾಳದ್ದು ಅಲೀಕೆಯ ಕಥೆಯ ಮುಂದಿನ ಪುಟದಂತಿರುವ ಬದುಕು. ತಾಯಿ ಹೊರಗೆ ಹಾಕಿದ್ದಾಳೆ. ಅಕ್ಕ ಕ್ಯಾಂಡೇಸ್ ಜೊತೆ ಇದ್ದುಕೊಂಡು, ದುಡಿಯುತ್ತ, ಬಾಡಿಗೆ ಹೊಂದಿಸುತ್ತ, ಅರ್ಧಕ್ಕೆ ಬಿಟ್ಟ ಹೈಸ್ಕೂಲಿಗೆ ಸಮನಾದ ಜಿ.ಇ.ಡಿ. ಪರೀಕ್ಷೆಗೆ ಓದುತ್ತಾಳೆ. ಪಾಸಾದ ದಿನ ಅದನ್ನು ಹೇಳಲು ತಾಯಿಯ ಮನೆ ಬಾಗಿಲಿಗೆ ಹೋಗುತ್ತಾಳೆ. ಬಾಗಿಲು ತೆರೆಯುತ್ತದೆ. ಲಾರಾ ಸುದ್ದಿ ಹೇಳುತ್ತಾಳೆ. ತಾಯಿ ಮಾತಿಲ್ಲದೆ ಬಾಗಿಲು ಹಾಕಿಕೊಳ್ಳುತ್ತಾಳೆ. ಒಂದೆರಡು ನಿಮಿಷದ ಈ ದೃಶ್ಯದಲ್ಲಿ ಪರ್ನೆಲ್ ವಾಕರ್ ಅವರ ಅಭಿನಯ ಚಿತ್ರದ ಗಟ್ಟಿ ಗಳಿಗೆಗಳಲ್ಲೊಂದು. ಲಾರಾ ಕಿರುಚಿತ್ರದಿಂದಲೇ ಬಂದ ಪಾತ್ರ. ವಾಕರ್ ಎರಡರಲ್ಲೂ ಅದನ್ನು ನಿರ್ವಹಿಸಿದ್ದಾರೆ.

ಅಲೀಕೆಯಾಗಿರುವ ಅಡೆಪೆರೊ ಒಡುಯೆ ಬ್ರೂಕ್ಲಿನ್‌ನವರೇ, ನೈಜೀರಿಯಾ ಮೂಲದ ಕುಟುಂಬದವರು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯದ ಹಾದಿ ಹಿಡಿದಿದ್ದವರು ಅದನ್ನು ಬಿಟ್ಟು ನಟನೆಗೆ ಬಂದರು. ಚಿತ್ರೀಕರಣದ ಹೊತ್ತಿಗೆ ಅವರಿಗೆ 30 ದಾಟಿತ್ತು. ತಲೆ ತಗ್ಗಿಸಿ ನಡೆಯುವ ರೀತಿ, ಮಾತು ಮುಗಿಯುವ ಮೊದಲೇ ಕಣ್ಣು ತಪ್ಪಿಸುವ ಪರಿ ನೋಡಿದರೆ ಆ ವಯಸ್ಸು ನಂಬುವುದು ಕಷ್ಟ.

ಬೆಳಕು, ಬಣ್ಣ, ಹಾಡು

ಛಾಯಾಗ್ರಾಹಕ ಬ್ರ್ಯಾಡ್‌ಫರ್ಡ್ ಯಂಗ್. ಅಲೀಕೆಯನ್ನು ಗೋಸುಂಬೆಯಂತೆ ಕಾಣಿಸುವುದು ರೀಸ್ ಮತ್ತು ಯಂಗ್ ಸೇರಿ ಮಾಡಿಕೊಂಡ ಯೋಜನೆ: ಅವಳಿಗೆ ಸ್ವಂತ ಬಣ್ಣವಿಲ್ಲ, ನಿಂತ ಜಾಗದ ಬೆಳಕೇ ಅವಳ ಮುಖದ ಬಣ್ಣ. ಕ್ಲಬ್ಬಿನಲ್ಲಿ ನೇರಳೆ, ಬಸ್ಸಿನಲ್ಲಿ ಹಸಿರು ಛಾಯೆ, ಬೀನಾಳ ಕೋಣೆಯಲ್ಲಿ ಬೆಚ್ಚನೆಯ ಕೆಂಪು. ಕಥೆ ಮುಗಿಯುತ್ತ ಬಂದಂತೆ ಬಣ್ಣಗಳೆಲ್ಲ ಕಳಚಿ, ಮಹಡಿಯ ದೃಶ್ಯದ ಹೊತ್ತಿಗೆ ಹಗಲಿನ ಬಯಲು ಬೆಳಕು ಉಳಿಯುತ್ತದೆ. ಚಿತ್ರದ ಮೊದಲರ್ಧದಲ್ಲಿ ಕ್ಯಾಮೆರಾ ಅವಳನ್ನು ಬಾಗಿಲ ಸಂದು, ಗಾಜು, ಬೇರೆಯವರ ಭುಜಗಳ ನಡುವಿನಿಂದ ಇಣುಕಿ ನೋಡುವುದೇ ಹೆಚ್ಚು.

ಇದರ ಹಿಂದೆ ಕಸುಬಿನ ಪ್ರಶ್ನೆಯೂ ಇದೆ. ಸಿನಿಮಾದ ಫಿಲ್ಮು, ದೀಪ, ಬೆಳಕಿನ ಅಳತೆಗಳು ಬಹುಕಾಲ ಬಿಳಿ ಚರ್ಮವನ್ನೇ ಮಾನದಂಡವಾಗಿಟ್ಟುಕೊಂಡು ಬೆಳೆದವು. ಕಪ್ಪು ಮುಖಗಳು ಒಂದೋ ಕತ್ತಲಲ್ಲಿ ಕರಗುತ್ತಿದ್ದವು, ಇಲ್ಲವೇ ಅತಿ ಬೆಳಕಿನಲ್ಲಿ ಬೂದಿಯಾಗುತ್ತಿದ್ದವು. ಯಂಗ್ ಬೆಳಕು ಸುರಿಯುವುದಿಲ್ಲ. ಚರ್ಮವೇ ಬೆಳಕನ್ನು ಹಿಡಿದು ಮರಳಿಸುವಂತೆ ಬಿಡುತ್ತಾರೆ. ಈ ಕೆಲಸಕ್ಕೆ 2011ರ ಸನ್‌ಡಾನ್ಸ್ ಚಿತ್ರೋತ್ಸವದ ಅಮೆರಿಕನ್ ಕಥಾಚಿತ್ರ ವಿಭಾಗದ ಛಾಯಾಗ್ರಹಣ ಪ್ರಶಸ್ತಿ ಬಂತು. ಮುಂದೆ ಅವರು ‘ಸೆಲ್ಮಾ’ ಚಿತ್ರೀಕರಿಸಿದರು, ‘ಅರೈವಲ್’ ಚಿತ್ರಕ್ಕಾಗಿ ಆಸ್ಕರ್ ನಾಮನಿರ್ದೇಶನ ಪಡೆದರು.

ಹಾಡುಗಳೂ ಪಾತ್ರಗಳ ಗುರುತುಚೀಟಿಗಳೇ. ಲಾರಾಳದ್ದು ಕ್ಲಬ್ಬಿನ ಹಿಪ್-ಹಾಪ್. ಬೀನಾ ಪರಿಚಯಿಸುವುದು ಗಿಟಾರ್ ಹಿಡಿದ ಕಪ್ಪು ಗಾಯಕಿಯರ ಪಂಕ್, ರಾಕ್. ಬ್ರೂಕ್ಲಿನ್‌ನ ಆಫ್ರೊ-ಪಂಕ್ ವಲಯದ ಗಾಯಕಿ ತಮಾರ್-ಕಾಲಿ ಅವರ ಹಾಡುಗಳು ಇಲ್ಲಿವೆ. ರೀಸ್ ಮುಂದೆ ನಿರ್ದೇಶಿಸಿದ ‘ಮಡ್‌ಬೌಂಡ್’ ಚಿತ್ರಕ್ಕೆ ಹಿನ್ನೆಲೆ ಸಂಗೀತ ಕೊಟ್ಟವರೂ ಇವರೇ.

ತಯಾರಿಕೆ ಮತ್ತು ಬಿಡುಗಡೆ

ನಿರ್ಮಾಪಕಿ ನೆಕೀಸಾ ಕೂಪರ್. ಖರ್ಚಾದದ್ದು 5 ಲಕ್ಷ ಡಾಲರಿಗೂ ಕಡಿಮೆ; ಅಮೆರಿಕದ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು. ಚಿತ್ರೀಕರಣ ಮೂರು ವಾರದೊಳಗೆ ಮುಗಿಯಿತು. ಸ್ಪೈಕ್ ಲೀ ಕಾರ್ಯನಿರ್ವಾಹಕ ನಿರ್ಮಾಪಕರಲ್ಲೊಬ್ಬರಾಗಿ ಬೆನ್ನಿಗೆ ನಿಂತರು. ಕಥೆ ನಡೆಯುವ ಫೋರ್ಟ್ ಗ್ರೀನ್, 1986ರಲ್ಲಿ ಲೀ ತಮ್ಮ ‘ಶೀಸ್ ಗಾಟ ಹ್ಯಾವ್ ಇಟ್’ ಚಿತ್ರದ ಮೂಲಕ ಸಿನಿಮಾಪ್ರಿಯರಿಗೆ ಪರಿಚಯಿಸಿದ್ದ ಬಡಾವಣೆಯೇ.

ಚಿತ್ರದ ಮೊದಲ ಪ್ರದರ್ಶನ 2011ರ ಜನವರಿ 20ರಂದು, ಸನ್‌ಡಾನ್ಸ್ ಉತ್ಸವದ ಆರಂಭದ ರಾತ್ರಿ ನಡೆಯಿತು. ಫೋಕಸ್ ಫೀಚರ್ಸ್ ಹಂಚಿಕೆಯ ಹಕ್ಕು ಕೊಂಡು, ಅದೇ ವರ್ಷ ಡಿಸೆಂಬರ್ 28ರಂದು ಕೆಲವೇ ಚಿತ್ರಮಂದಿರಗಳಲ್ಲಿ ಬಿಡುಗಡೆ ಮಾಡಿತು. ಈ ಎರಡು ದಿನಾಂಕಗಳ ನಡುವೆ, ಜೂನ್ 24ರಂದು, ನ್ಯೂಯಾರ್ಕ್ ರಾಜ್ಯ ಸಲಿಂಗ ವಿವಾಹಕ್ಕೆ ಕಾನೂನಿನ ಮುದ್ರೆ ಒತ್ತಿತ್ತು. ಪತ್ರಿಕೆಗಳ ಮುಖಪುಟದಲ್ಲಿ ಮದುವೆಯ ಸಂಭ್ರಮವಿದ್ದ ವರ್ಷದಲ್ಲೇ, ಅದೇ ಊರಿನ ಊಟದ ಮೇಜಿನಲ್ಲಿ ಮಾತಾಡಲಾಗದ ಹುಡುಗಿಯೊಬ್ಬಳ ಚಿತ್ರವೂ ಬಂತು. ಗಲ್ಲಾಪೆಟ್ಟಿಗೆಯ ಗಳಿಕೆ ಸುಮಾರು 7.7 ಲಕ್ಷ ಡಾಲರ್.

ಪ್ರಶಸ್ತಿಗಳ ಕಾಲದಲ್ಲಿ ರೀಸ್‌ಗೆ ಗೊಥಮ್ ಪ್ರಶಸ್ತಿಯ ಉದಯೋನ್ಮುಖ ನಿರ್ದೇಶಕಿ ಗೌರವ ಸಿಕ್ಕಿತು. ಇಂಡಿಪೆಂಡೆಂಟ್ ಸ್ಪಿರಿಟ್ ಪ್ರಶಸ್ತಿಗಳಲ್ಲಿ ಕಡಿಮೆ ಬಂಡವಾಳದ ಚಿತ್ರಗಳಿಗೆ ಕೊಡುವ ಜಾನ್ ಕ್ಯಾಸವೆಟಿಸ್ ಪ್ರಶಸ್ತಿ 2012ರಲ್ಲಿ ಬಂತು. ಅಲ್ಲೇ ಒಡುಯೆ ಅತ್ಯುತ್ತಮ ನಟಿಯ ನಾಮನಿರ್ದೇಶಿತರ ಪಟ್ಟಿಯಲ್ಲಿದ್ದರು. ಸೀಮಿತ ಬಿಡುಗಡೆಯ ಚಿತ್ರಗಳ ವಿಭಾಗದಲ್ಲಿ ಗ್ಲಾಡ್ ಮಾಧ್ಯಮ ಪ್ರಶಸ್ತಿಯೂ ಸಂದಿತು. ಆಸ್ಕರ್ ಮಾತ್ರ ಇತ್ತ ತಿರುಗಿ ನೋಡಲಿಲ್ಲ. ಆ ವರ್ಷ ಗೋಲ್ಡನ್ ಗ್ಲೋಬ್ ಗೆದ್ದ ಮೆರಿಲ್ ಸ್ಟ್ರೀಪ್, ವೇದಿಕೆಯ ಮೇಲೆ ತಾವು ಮೆಚ್ಚಿದ ನಟಿಯರನ್ನು ನೆನೆಯುವಾಗ ಒಡುಯೆ ಹೆಸರನ್ನೂ ಎತ್ತಿದರು.

ಸಾಲು ಮತ್ತು ಸ್ಥಾನ

ಕಪ್ಪು ಸಲಿಂಗಿ ಮಹಿಳೆಯೊಬ್ಬರು ನಿರ್ದೇಶಿಸಿದ ಮೊದಲ ಕಥಾಚಿತ್ರವೆಂದು ಗುರುತಿಸಲಾಗುವುದು ಶೆರಿಲ್ ಡನ್ಯೆ ಅವರ ‘ದಿ ವಾಟರ್‌ಮೆಲನ್ ವುಮನ್’ (1996). ಅದು ಚೇಷ್ಟೆಯ, ಹುಸಿ ಸಾಕ್ಷ್ಯಚಿತ್ರದ ಧಾಟಿಯದು. ನಾಯಕಿ ದುಡಿಯುವ ವಯಸ್ಕಳು. ಅಲ್ಲಿಂದ ‘ಪರಿಯಾ’ಕ್ಕೆ 15 ವರ್ಷ. ಈ ನಡುವೆ ಹದಿಹರೆಯದ ಸಲಿಂಗಿ ಹುಡುಗಿಯರ ಚಿತ್ರಗಳು ಬಂದವಾದರೂ, ‘ಬಟ್ ಐಯಾಮ್ ಎ ಚಿಯರ್‌ಲೀಡರ್’ (1999) ಸೇರಿದಂತೆ ಅವುಗಳ ನಾಯಕಿಯರು ಹೆಚ್ಚಾಗಿ ಬಿಳಿಯರು. ಅಲೀಕೆಯ ಮನೆಯಲ್ಲಿ ಜನಾಂಗದ ವಿಷಯ ಚರ್ಚೆಗೆ ಬರುವುದೇ ಇಲ್ಲ. ಎಲ್ಲರೂ ಕಪ್ಪು ಜನರೇ ಆಗಿರುವುದರಿಂದ ಅದು ಆ ಮನೆಯ ಗಾಳಿಯಷ್ಟೇ ಸಹಜ. ಹೊರಗಿನವರಿಗೆ ವಿವರಿಸುವ ಉಸಾಬರಿಗೆ ರೀಸ್ ಹೋಗಿಲ್ಲ.

ನಂತರದ ವರ್ಷಗಳಲ್ಲಿ ಈ ಬಗೆಯ ಕಥೆಗಳು ಬೇರೆ ಬೇರೆ ನೆಲಗಳಿಂದ ಬಂದವು. ಕೀನ್ಯಾದ ವನೂರಿ ಕಹಿಯು ಅವರ ‘ರಫೀಕಿ’ (2018) ಕಾನ್ ಚಿತ್ರೋತ್ಸವಕ್ಕೆ ಹೋಯಿತು, ಸ್ವದೇಶದಲ್ಲಿ ನಿಷೇಧಕ್ಕೊಳಗಾಯಿತು. ಅಮೆರಿಕದಲ್ಲೇ ಬ್ಯಾರಿ ಜೆಂಕಿನ್ಸ್ ಅವರ ‘ಮೂನ್‌ಲೈಟ್’ (2016), ಮಯಾಮಿಯ ಕಪ್ಪು ಹುಡುಗನೊಬ್ಬನ ಬೆಳವಣಿಗೆಯನ್ನು ಹೇಳಿ ಅತ್ಯುತ್ತಮ ಚಿತ್ರದ ಆಸ್ಕರ್ ಪಡೆಯಿತು.

ರೀಸ್ ಆಮೇಲೆ ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಕುರಿತ ‘ಬೆಸ್ಸಿ’ (2015) ಮಾಡಿದರು. ‘ಮಡ್‌ಬೌಂಡ್’ (2017) ನಾಲ್ಕು ಆಸ್ಕರ್ ನಾಮನಿರ್ದೇಶನ ಪಡೆಯಿತು. ಆಧಾರಿತ ಚಿತ್ರಕಥೆ ವಿಭಾಗದಲ್ಲಿ ನಾಮನಿರ್ದೇಶನಗೊಂಡ ಮೊದಲ ಕಪ್ಪು ಮಹಿಳೆ ಎಂಬ ದಾಖಲೆ ರೀಸ್ ಹೆಸರಿಗೆ ಬಂತು. ಒಡುಯೆ ‘12 ಇಯರ್ಸ್ ಎ ಸ್ಲೇವ್’ (2013), ‘ದಿ ಬಿಗ್ ಶಾರ್ಟ್’ (2015) ಚಿತ್ರಗಳಲ್ಲಿ ನಟಿಸಿದರು.

‘ಪರಿಯಾ’ವನ್ನು 2021ರಲ್ಲಿ ಕ್ರೈಟೀರಿಯನ್ ಸಂಸ್ಥೆ ತನ್ನ ಆಯ್ದ ಚಿತ್ರಗಳ ಮಾಲೆಯಲ್ಲಿ ಹೊರತಂದಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಶಾಶ್ವತವಾಗಿ ಕಾಪಿಡಬೇಕಾದ 25 ಚಿತ್ರಗಳನ್ನು ಪ್ರತಿ ವರ್ಷ ಆರಿಸಿ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸುತ್ತದೆ. 2021ರ ಪಟ್ಟಿಯಲ್ಲಿ ‘ದಿ ವಾಟರ್‌ಮೆಲನ್ ವುಮನ್’ ಸೇರಿತು. ಮರುವರ್ಷದ ಪಟ್ಟಿಯಲ್ಲಿ ‘ಪರಿಯಾ’.